ತಂತಿಯಿಲ್ಲದ ತಂತಿಮನೆ: ಘಟ್ಟದೂರಿನ ಒಂದು ಪ್ರಕರಣ

ಊರಿನ ಹೆಸರು ಬೇಡ. ಉತ್ತರ ಕನ್ನಡದಲ್ಲಿ, ಘಟ್ಟ ಹತ್ತಿ ಮುಗಿಯುವಲ್ಲಿ ಅಡಿಕೆ ತೋಟಗಳ ನಡುವೆ ಚದುರಿಕೊಂಡಿರುವ ನೂರಿಪ್ಪತ್ತು ಮನೆಗಳ ಊರು. ಇಲ್ಲಿ ಅದನ್ನು ಮೇಲೂರು ಎನ್ನುತ್ತೇನೆ. 14 ಮೈಲಿ ಕೆಳಗೆ, ಕರಾವಳಿಯ ಕಡೆಗಿರುವ ಪೇಟೆಗೆ ಕೆಳಪೇಟೆ ಎಂಬ ಹೆಸರಿರಲಿ. ಮನೆತನ, ಸಂಬಂಧ, ಉದ್ಯೋಗದ ವಿವರಗಳನ್ನು ಗುರುತು ಹತ್ತದಂತೆ ಅಷ್ಟಿಷ್ಟು ಬದಲಿಸಿದ್ದೇನೆ. ಅಂಚೆ ಮತ್ತು ತಂತಿ (ಟೆಲಿಗ್ರಾಂ) ಇಲಾಖೆಗಳ ಇತಿಹಾಸವನ್ನು ಬದಲಿಸಿಲ್ಲ. ಈ ಕೆಲಸದಲ್ಲಿ ನಾನು ಮಾಡಿದ ತಪ್ಪನ್ನೂ ಬದಲಿಸಿಲ್ಲ.

ನಾನು ಅಂಚೆ ಇಲಾಖೆಗೆ ಗುಮಾಸ್ತನಾಗಿ ಸೇರಿ ಉಪವಿಭಾಗದ ಇನ್‌ಸ್ಪೆಕ್ಟರ್ ಆಗಿ ನಿವೃತ್ತನಾದವನು. ಹಳೆಯ ಅಂಚೆ ಮುದ್ರೆಗಳನ್ನು ಕೂಡಿಹಾಕುವ ಚಟವೊಂದಿದೆ. ಈ ಎರಡು ಕಾರಣಕ್ಕೆ ಮೇಲೂರಿನ ಸಮಿತಿಯವರು ನನ್ನ ಮನೆ ಹುಡುಕಿಕೊಂಡು ಬಂದರು.

ಕಟ್ಟಡ ಮತ್ತು ಕರಪತ್ರ

ಮೇಲೂರಿನ ಬಸ್ ತಂಗುದಾಣದ ಎದುರಿಗೆ ಒಂದು ಹಂಚಿನ ಕಟ್ಟಡವಿದೆ. ಚಿರೆಕಲ್ಲಿನ ಗೋಡೆ, ಮುಂದೆ ಉದ್ದನೆಯ ಜಗಲಿ, ಜಗಲಿಗೆ ತೆರೆಯುವ ಕಿಟಕಿಯ ಕೆಳಭಾಗದಲ್ಲಿ ಕೈ ತೂರಿಸುವಷ್ಟು ಅರ್ಧಚಂದ್ರದ ಕಿಂಡಿ. ಅಂಗಳದಲ್ಲಿ ಮೊಣಕಾಲೆತ್ತರದ ಒಂದು ಚಪ್ಪಟೆ ಕಲ್ಲು. ಊರವರು ಇದನ್ನು ತಂತಿಮನೆ ಎನ್ನುತ್ತಾರೆ. ಮೂವತ್ತು ವರ್ಷಗಳಿಂದ ಅಲ್ಲಿ ಯಾರೂ ವಾಸವಿಲ್ಲ.

ರಸ್ತೆ ಅಗಲ ಮಾಡುವ ಕೆಲಸ ಮಂಜೂರಾದಾಗ ನಕ್ಷೆಯ ಕೆಂಪು ಗೆರೆ ನೇರವಾಗಿ ಜಗಲಿಯ ಮೇಲೆ ಹಾಯಿತು. ಊರಿನಲ್ಲಿ ಸಮಿತಿ ಹುಟ್ಟಿತು. ನಿವೃತ್ತ ಮಾಸ್ತರೊಬ್ಬರು, ಪಂಚಾಯಿತಿಯ ಮಾಜಿ ಅಧ್ಯಕ್ಷರು, ಹೋಮ್‌ಸ್ಟೇ ನಡೆಸುವ ಇಬ್ಬರು, ಬೆಂಗಳೂರಿನಿಂದ ವಾಪಸಾಗಿ ತೋಟ ನೋಡಿಕೊಳ್ಳುತ್ತಿದ್ದ ಕೆಲವು ಹುಡುಗರು ಅದರಲ್ಲಿದ್ದರು. 2013ರ ಜುಲೈ 14ರ ರಾತ್ರಿ ದೇಶದ ಕೊನೆಯ ತಂತಿಗಳನ್ನು ಕಳಿಸಲು ಜನ ಸಾಲುಗಟ್ಟಿದ್ದನ್ನು ಟಿ.ವಿ.ಯಲ್ಲಿ ನೋಡಿದ್ದವರಿಗೆ ತಂತಿ ಎಂಬ ಪದದ ಮೇಲೆ ಹೊಸ ಮೋಹವಿತ್ತು. ಅವರು ಅಚ್ಚು ಹಾಕಿಸಿದ ಕರಪತ್ರದ ಸಾರ ಇಷ್ಟು: 1857ರ ದಂಗೆಯ ಕಾಲದಲ್ಲಿ ಬೊಂಬಾಯಿ ಸರ್ಕಾರದ ಅಂಚೆ ಮತ್ತು ತಂತಿ ಇಲಾಖೆ ಇಲ್ಲಿ ಕಚೇರಿ ತೆರೆಯಿತು, ಆದ್ದರಿಂದ ಇದು ಪಾರಂಪರಿಕ ಕಟ್ಟಡ.

ರಸ್ತೆಯ ಎಂಜಿನಿಯರ್ ಒಳ್ಳೆಯ ಮನುಷ್ಯ. "ಯಾವುದಾದರೂ ದಾಖಲೆ ಕೊಡಿ, ಗೆರೆಯನ್ನು ಎರಡು ಮೀಟರ್ ಆಚೆ ಸರಿಸಲು ಮೇಲಿನವರನ್ನು ಕೇಳುತ್ತೇನೆ" ಎಂದರು. ಗುತ್ತಿಗೆ ಆಗುವವರೆಗೆ ಎಂಟು ತಿಂಗಳ ಅವಕಾಶವಿತ್ತು.

ಕರಪತ್ರವನ್ನು ಓದಿ ಐದು ನಿಮಿಷಕ್ಕೆ ನಾನು ಅದನ್ನು ಕೆಳಗಿಟ್ಟೆ. 1857ರಲ್ಲಿ ಈ ಸೀಮೆ ಬೊಂಬಾಯಿಗೆ ಸೇರಿರಲೇ ಇಲ್ಲ. ಆಗ ಇಡೀ ಕೆನರಾ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಉತ್ತರದ ಭಾಗ ಬೊಂಬಾಯಿಗೆ ಹೋದದ್ದು 1862ರಲ್ಲಿ. ಇನ್ನು 'ಅಂಚೆ ಮತ್ತು ತಂತಿ ಇಲಾಖೆ' ಎಂಬ ಒಂದೇ ಇಲಾಖೆ 1914ಕ್ಕೆ ಮೊದಲು ಇರಲಿಲ್ಲ. ಅಲ್ಲಿಯವರೆಗೆ ಅಂಚೆಯದು ಒಂದು ದಾರಿ, ತಂತಿಯದು ಇನ್ನೊಂದು. ಒಂದೇ ವಾಕ್ಯದಲ್ಲಿ ಎರಡು ಕಡೆ ಕಾಲಜಾರಿದ ಕಾಗದವನ್ನು ಸರ್ಕಾರದ ಮುಂದಿಟ್ಟರೆ ಅದರಲ್ಲಿದ್ದ ನಿಜವೂ ಕಸದ ಬುಟ್ಟಿಗೆ ಹೋಗುತ್ತದೆ.

ಇದನ್ನು ಹೇಳಿದಾಗ ಮಾಜಿ ಅಧ್ಯಕ್ಷರು, "ನಾಲ್ಕೈದು ವರ್ಷ ಹಿಂದೆ ಮುಂದೆ ಆದರೇನು ಸಾರ್?" ಎಂದರು. ನಾಲ್ಕೈದು ವರ್ಷದ ಪ್ರಶ್ನೆ ಅದಾಗಿರಲಿಲ್ಲ. ತಂತಿ ಈ ದೇಶಕ್ಕೆ ಬಂದದ್ದೇ ಕಲ್ಕತ್ತೆಯಿಂದ ಡೈಮಂಡ್ ಹಾರ್ಬರಿಗೆ ಎಳೆದ ಪ್ರಯೋಗದ ಸಾಲಿನಿಂದ, 1850ರ ಸುಮಾರಿಗೆ. ಅದನ್ನು ಮಾಡಿಸಿದ ಓಶಾಘ್ನೆಸಿ ವೃತ್ತಿಯಿಂದ ವೈದ್ಯ. ಐದಾರು ವರ್ಷಗಳೊಳಗೆ ಕಲ್ಕತ್ತೆ, ಆಗ್ರಾ, ಬೊಂಬಾಯಿ, ಮದ್ರಾಸುಗಳು ತಂತಿಯಿಂದ ಕೂಡಿಕೊಂಡವು. ಆ ಸಾಲುಗಳು ಹೋದದ್ದು ರಾಜಧಾನಿಗಳಿಗೆ, ದಂಡಿನ ಪಾಳೆಯಗಳಿಗೆ, ಆಮೇಲೆ ರೈಲಿನ ಜೊತೆಜೊತೆಗೆ. 1860ರ ದಶಕದ ಆರಂಭದಲ್ಲಿ ಅಮೆರಿಕದ ಅಂತರ್ಯುದ್ಧದಿಂದಾಗಿ ಹತ್ತಿಗೆ ಚಿನ್ನದ ಬೆಲೆ ಬಂದು, ಧಾರವಾಡ ಸೀಮೆಯ ಹತ್ತಿ ಗಾಡಿಗಳಲ್ಲಿ ಘಟ್ಟ ಇಳಿದು ಕುಮಟೆಯ ಬಂದರಿಗೆ ಸುರಿಯುತ್ತಿತ್ತು. ಬಂದರಿಗೆ ತಂತಿ ಬೇಕಾಗುವುದು ಅರ್ಥವಾಗುತ್ತದೆ. ದಂಡಿಲ್ಲದ, ರೈಲಿಲ್ಲದ, ವರ್ಷಕ್ಕೆ ನಾಲ್ಕು ತಿಂಗಳು ಮಳೆಯಲ್ಲಿ ಮುಳುಗಿರುವ ಮೇಲೂರಿಗೆ ಯಾಕೆ ಬೇಕು?

ಪಿಂಗಾಣಿ ಬಟ್ಟಲು

ಹುಡುಗರು ಸುಮ್ಮನಿರಲಿಲ್ಲ. ಎರಡನೆಯ ವಾರವೇ ಒಬ್ಬರ ಕೊಟ್ಟಿಗೆಯಲ್ಲಿ, ಹಗ್ಗ ತೂಗುಹಾಕುವ ಗೂಟದ ತುದಿಗೆ ಸಿಕ್ಕಿಸಿದ್ದ ಬಿಳಿ ಪಿಂಗಾಣಿ ಬಟ್ಟಲೊಂದನ್ನು ಹಿಡಿದುಕೊಂಡು ಬಂದರು. ತಂತಿ ಕಂಬದ ಮೇಲೆ ಸರಿಗೆ ಕಟ್ಟುವ ಬಟ್ಟಲು ಅದು, ಸಂದೇಹವಿಲ್ಲ. ಊರಿನ ವಾಟ್ಸ್ಆ್ಯಪ್ ಗುಂಪಿನಲ್ಲಿ ಅಂದು ರಾತ್ರಿ ಹಬ್ಬ.

ಬಟ್ಟಲನ್ನು ಹುಣಸೆಹಣ್ಣು ಹಾಕಿ ತಿಕ್ಕಿಸಿದೆ. ಸಗಣಿಯ ಪೊರೆ ಬಿಟ್ಟ ಮೇಲೆ ಬಗಲಲ್ಲಿ ಅಚ್ಚೊತ್ತಿದ ಅಕ್ಷರ ಕಂಡಿತು: ಅಂಚೆ ಮತ್ತು ತಂತಿ ಎರಡರದ್ದೂ ಮೊದಲಕ್ಷರಗಳು ಕೂಡಿದ ಗುರುತು. ಅಂದರೆ ಎರಡು ಇಲಾಖೆಗಳು ಒಂದಾದ ಮೇಲಿನ ಸಾಮಾನು, 1914ರ ಈಚಿನದು. ಕೊಟ್ಟಿಗೆಯ ಯಜಮಾನರನ್ನು ಕೇಳಿದರೆ, ತಾವು ಹೈಸ್ಕೂಲಿಗೆ ಹೋಗುತ್ತಿದ್ದಾಗ ಊರ ಹೊರಗಿನಿಂದ ಬೇರೆಲ್ಲಿಗೋ ಹಾಯ್ದು ಹೋದ ಕಂಬದ ಸಾಲು ಗಾಳಿಗೆ ಬಿದ್ದಿತ್ತು, ಆಗ ಎತ್ತಿ ತಂದದ್ದು ಎಂದರು. ಸಾಲು ಊರಿನ ಪಕ್ಕ ಹೋಗಿದೆ, ಊರಿಗೆ ಇಳಿದಿಲ್ಲ. ಸಮಿತಿಯ ಅರ್ಧ ಉತ್ಸಾಹ ಅಲ್ಲಿಗೆ ಇಳಿಯಿತು.

ಈ ಹಂತದಲ್ಲಿ ನಾನು ದಾರಿ ತಪ್ಪಿಸಿದೆ. 'ತಂತಿ ಇರಲಿಕ್ಕಿಲ್ಲ, ಅಂಚೆ ಕಚೇರಿ ಇದ್ದಿರಬೇಕು. ನಮ್ಮ ಇಲಾಖೆಯ ಕಾಗದದಲ್ಲಿ ಸಿಗುತ್ತದೆ' ಎಂದು ಘೋಷಿಸಿದೆ. ಮೂವತ್ತು ವರ್ಷ ಒಂದೇ ಬಾವಿಯ ನೀರು ಕುಡಿದವನಿಗೆ ಬೇರೆ ಬಾವಿ ನೆನಪಾಗುವುದಿಲ್ಲ. ಐದು ತಿಂಗಳು ಹಳೆಯ ಕಚೇರಿ ಪಟ್ಟಿಗಳು, ಮುದ್ರೆಗಳ ಸಂಗ್ರಹಗಳು, ಪರಿಚಿತ ಸಂಗ್ರಾಹಕರ ಆಲ್ಬಮ್‌ಗಳನ್ನು ಜಾಲಾಡಿದೆ. ಹಳೆಯ ಇಂಗ್ಲಿಷ್ ಕಾಗುಣಿತದಲ್ಲಿ ಹೊನ್ನಾವರ 'ಹೊನೋರ್' ಆಗಿರುತ್ತದೆ, ಕುಮಟೆ 'ಕೂಂಪ್ಟಾ' ಆಗಿರುತ್ತದೆ. ಮೇಲೂರು ಏನೇನಾಗಿರಬಹುದೆಂದು ಹತ್ತು ಬಗೆಯಲ್ಲಿ ಬರೆದುಕೊಂಡು ಹುಡುಕಿದೆ. ಶಾಖಾ ಅಂಚೆ ಕಚೇರಿಯಾಗಿ ಅದು ಕಂಡದ್ದು 1906ರ ನಂತರದ ಪಟ್ಟಿಯಲ್ಲಿ. ಅದಕ್ಕೂ ಮೊದಲಿನ ಒಂದು ಸುಳಿವೂ ಇಲ್ಲ.

1906 ಎಂಬ ಸಂಖ್ಯೆ ನನ್ನನ್ನು ಎಚ್ಚರಿಸಬೇಕಿತ್ತು. ಎಚ್ಚರಿಸಲಿಲ್ಲ. ಎಚ್ಚರಿಸಿದವರು ಮಾಸ್ತರರು, ಅದೂ ಬೇರೆ ಕಡೆಯಿಂದ.

ವಿಳಂಬಿ ಸಂವತ್ಸರದ ಕಿರ್ದಿ

ಮಾಸ್ತರರು ಊರಿನ ಹಳೆಯ ಅಡಿಕೆ ಮನೆತನವೊಂದರ ಅಟ್ಟದಿಂದ ಕಿರ್ದಿ ಪುಸ್ತಕಗಳನ್ನು ಇಳಿಸಿಕೊಂಡು ಬಂದಿದ್ದರು. ದಿನದಿನದ ಜಮಾಖರ್ಚು. ಉಪ್ಪು, ಸೀಮೆಎಣ್ಣೆ, ಗಾಡಿ ಬಾಡಿಗೆ, ದೇವರ ಹುಂಡಿ. ಅದರ ನಡುವೆ ಟಪಾಲಿನ ಖರ್ಚು: ಕಾರ್ಡು ಕಾಲಾಣೆ, ಲಕೋಟೆ ಅರ್ಧಾಣೆ. ಕಾಲಾಣೆಯ ಪೋಸ್ಟ್‌ಕಾರ್ಡ್ ಭಾರತಕ್ಕೆ ಬಂದದ್ದು 1879ರ ಜುಲೈನಲ್ಲಿ. ಆ ಪುಸ್ತಕಗಳು ಅದರ ಈಚಿನವು ಎಂಬುದಕ್ಕೆ ಅಷ್ಟು ಸಾಕು. ಅಂದರೆ 1906ಕ್ಕೆ ಎಷ್ಟೋ ಮೊದಲೇ ಈ ಊರಿನಿಂದ ಕಾಗದ ಹೋಗುತ್ತಿತ್ತು, ಬರುತ್ತಿತ್ತು. ಇಲಾಖೆಯ ಪಟ್ಟಿಯಲ್ಲಿ ಇಲ್ಲದ ಊರಿಗೆ ಟಪಾಲು ಯಾರು ತರುತ್ತಿದ್ದರು?

ವಿಳಂಬಿ ಸಂವತ್ಸರದ ಪುಸ್ತಕದಲ್ಲಿ, ಕಾರ್ತಿಕ ಮಾಸದ ಒಂದು ದಿನ, ಮಾಸ್ತರರ ಬೆರಳು ನಿಂತಿತು. ಹುಬ್ಬಳ್ಳಿಯಿಂದ ತಂತಿ ಬಂದ ಬಗ್ಗೆ ಹರಕಾರನ (ಟಪಾಲು ಹೊತ್ತು ಓಡುವ ಆಳಿನ) ಕೂಲಿ ಆರಾಣೆ. ಅದರ ಕೆಳಗೆ ಹತ್ತು ದಿನ ಪುಟ ಬಹುತೇಕ ಖಾಲಿ. ಆಮೇಲೆ ಎಳ್ಳು, ದರ್ಭೆ, ಭಟ್ಟರ ದಕ್ಷಿಣೆ.

ವಿಳಂಬಿ ಎಂದರೆ 1898–99. ಬೊಂಬಾಯಿಯಲ್ಲಿ 1896ರಲ್ಲಿ ಕಾಣಿಸಿಕೊಂಡ ಪ್ಲೇಗು 1898ರಲ್ಲಿ ಹುಬ್ಬಳ್ಳಿಯನ್ನು ತಿನ್ನುತ್ತಿತ್ತು. ಆ ಮನೆಯ ಮಗನೋ ಅಳಿಯನೋ ಅಲ್ಲಿ ಅಡಿಕೆ ಮಂಡಿಯಲ್ಲಿದ್ದಿರಬೇಕು ಎಂದು ಮನೆಯವರ ಊಹೆ. ನಾನು ಊಹೆಯನ್ನು ಅಲ್ಲಿಗೇ ಬಿಟ್ಟೆ. ನನ್ನ ಕಣ್ಣು ಕೂಲಿ ಎಂಬ ಪದದ ಮೇಲಿತ್ತು. ತಂತಿ ಕಚೇರಿ ಊರಿನಲ್ಲೇ ಇದ್ದಿದ್ದರೆ ಹರಕಾರನಿಗೆ ಆರಾಣೆ ಕೂಲಿ ಕೊಡುವ ಮಾತು ಬರುತ್ತಿರಲಿಲ್ಲ. ಜವಾನ ರಸ್ತೆ ದಾಟಿ ಕೊಟ್ಟು ಹೋಗುತ್ತಿದ್ದ. ತಂತಿ ಕಚೇರಿಯಿಲ್ಲದ ಊರಿನ ಸಂದೇಶವನ್ನು ಹತ್ತಿರದ ತಂತಿ ಕಚೇರಿಯಲ್ಲಿ ಬರೆದುಕೊಂಡು, ಅಲ್ಲಿಂದ ಟಪಾಲಿನ ಚೀಲದಲ್ಲೋ, ಅವಸರವಿದ್ದರೆ ಆಳಿನ ಕೈಯಲ್ಲೋ ಕಳಿಸುವ ಪದ್ಧತಿ ಇತ್ತು. ಹುಬ್ಬಳ್ಳಿಯಿಂದ ಕೆಳಪೇಟೆಗೆ ಸುದ್ದಿ ಮಿಂಚಿನ ಹಾಗೆ ಬಂತು. ಕೆಳಪೇಟೆಯಿಂದ ಮೇಲೂರಿಗೆ ಕಾಲ ಮೇಲೆ ಬಂತು.

ಕಂದಾಯದ ರುಮಾಲು

ಆಗ ನನಗೆ ಬುದ್ಧಿ ಬಂತು. 1906 ಎಂದರೆ ಜಿಲ್ಲಾ ಟಪಾಲು ರದ್ದಾಗಿ ಚಕ್ರಾಧಿಪತ್ಯದ ಅಂಚೆಯಲ್ಲಿ ವಿಲೀನವಾದ ವರ್ಷ. ಹತ್ತೊಂಬತ್ತನೆಯ ಶತಮಾನದ ಅಂಚೆಯೆಂದರೆ ಒಂದೇ ಇಲಾಖೆ ಎಂದುಕೊಳ್ಳುವುದು ನಮ್ಮ ಅಭ್ಯಾಸ. 1854ರ ಕಾಯ್ದೆ, ಅದೇ ವರ್ಷ ಅಕ್ಟೋಬರಿನಿಂದ ದೇಶಕ್ಕೆಲ್ಲ ಒಂದೇ ಅಂಚೆಚೀಟಿ, ದೂರ ಎಷ್ಟಿದ್ದರೂ ಕಾಲು ತೊಲೆಯ ಕಾಗದಕ್ಕೆ ಅರ್ಧಾಣೆ. ಈ ಕಥೆ ನಾವು ತರಬೇತಿಯಲ್ಲಿ ಓದಿದ್ದು. ಆದರೆ ಆ ಇಲಾಖೆ ನೋಡಿಕೊಳ್ಳುತ್ತಿದ್ದದ್ದು ಆದಾಯ ಬರುವ ದಾರಿಗಳನ್ನು. ಒಳನಾಡಿನ ಠಾಣೆಗಳಿಗೆ, ಚಾವಡಿಗಳಿಗೆ ಸರ್ಕಾರದ ಕಾಗದ ಒಯ್ಯಲು ಜಿಲ್ಲೆಯ ಅಧಿಕಾರಿಗಳು ಸ್ಥಳೀಯ ಹಣದಿಂದ ಬೇರೆಯೇ ಓಟಗಾರರನ್ನು ಇಟ್ಟಿದ್ದರು. ಆ ಚೀಲದಲ್ಲಿ ಊರವರ ಖಾಸಗಿ ಪತ್ರಗಳೂ ಹೋಗುತ್ತಿದ್ದವು. ಮೂಲೆಯ ಊರುಗಳಿಗೆ ಮೊದಲು ಬಂದ ಅಂಚೆ ಇದೇ. ಅದರ ಕಾಗದ ನನ್ನ ಇಲಾಖೆಯಲ್ಲಿ ಯಾಕಿರುತ್ತದೆ? ಅದು ಕಂದಾಯದ ಕಾಗದ.

ಮಾತಿನಲ್ಲೂ ಆ ಸುಳಿವು ಇತ್ತು. ಮೇಲೂರಿನ ಹಿರಿಯರು ಇಂದಿಗೂ ಟಪಾಲು ಎನ್ನುತ್ತಾರೆ; ಅಂಚೆ ಎಂಬುದು ಅವರಿಗೆ ಬೋರ್ಡಿನ ಮೇಲಿನ ಪದ. ಪೂರ್ವಕ್ಕೆ ಹತ್ತಿಪ್ಪತ್ತು ಮೈಲಿ ಹೋಗಿ ಗಡಿ ದಾಟಿದರೆ ಮೈಸೂರು ಸೀಮೆ. ಅಲ್ಲಿ ಚಿಕ್ಕದೇವರಾಜ ಒಡೆಯರ ಕಾಲದಿಂದ ಬಂದ ಅಂಚೆ ಎಂಬುದು ಸಂಸ್ಥಾನದ ಸ್ವಂತ ವ್ಯವಸ್ಥೆ. ಬ್ರಿಟಿಷ್ ಅಂಚೆಯಲ್ಲಿ ಅದು ಸೇರಿದ್ದು 1889ರಲ್ಲಿ. ಇಡೀ ಕರ್ನಾಟಕಕ್ಕೆ ಈಗ ಒಂದೇ ಪದವಾಗಿರುವುದು ಆಮೇಲಿನ ಮಾತು. ಹಳಗನ್ನಡದಲ್ಲಿ ಅಂಚೆ ಎಂದರೆ ಹಂಸ. ದಮಯಂತಿಯ ಹಂಸವನ್ನು ನೆನೆದು ನಮ್ಮ ಕಚೇರಿಯ ಸಮಾರಂಭಗಳಲ್ಲಿ ಎಷ್ಟು ಭಾಷಣಗಳಾಗಿವೆಯೋ ಲೆಕ್ಕವಿಲ್ಲ.

ತಾಲ್ಲೂಕು ಕಚೇರಿಯ ದಾಖಲೆ ಕೋಣೆಯಲ್ಲಿ ರುಮಾಲು, ಅಂದರೆ ಬಟ್ಟೆಯಲ್ಲಿ ಕಟ್ಟಿಟ್ಟ ಕಡತದ ಗಂಟು, ಬಿಚ್ಚಲು ಅನುಮತಿ ಸಿಕ್ಕಿದಾಗ ಏಳನೆಯ ತಿಂಗಳು. ಕೆಂಪು ಬಟ್ಟೆ ಮಾಸಿ ಮಣ್ಣಿನ ಬಣ್ಣಕ್ಕೆ ತಿರುಗಿತ್ತು. ನಾಲ್ಕು ದಿನಕ್ಕೆ ನಮಗೆ ಬೇಕಾದ ಎರಡು ಸಂಗತಿ ಸಿಕ್ಕವು. ಮೊದಲನೆಯದು, ಕೆಳಪೇಟೆ–ಮೇಲೂರು ಟಪಾಲಿನ ಖರ್ಚಿನ ಪಟ್ಟಿ: ಹರಕಾರರು ಇಬ್ಬರು, ನಡುದಾರಿಯಲ್ಲಿ ಚೀಲ ಬದಲಾಯಿಸುವ ಕಟ್ಟೆಗೆ ಹುಲ್ಲು ಹೊದಿಸಿದ ವೆಚ್ಚ, ಶಾಲೆಯ ಮಾಸ್ತರಿಗೆ ಟಪಾಲು ನೋಡಿಕೊಳ್ಳುವ ಭತ್ಯೆ. ತಂತಿಮನೆ ಆ ಶಾಲಾ ಮಾಸ್ತರನ ಮನೆಯೇ.

ಎರಡನೆಯದು ಸಮಿತಿಯ ಎದೆ ಒಡೆದ ಕಾಗದ. ಮೇಲೂರಿಗೆ ತಂತಿ ಬೇಕೆಂದು ಅಡಿಕೆ ಮತ್ತು ಮರದ ವ್ಯಾಪಾರಿಗಳು ಒಮ್ಮೆ ಅರ್ಜಿ ಹಾಕಿದ್ದರು. ಲಾಭ ಹುಟ್ಟದ ಕಡೆ ತಂತಿ ಕಚೇರಿ ತೆರೆಯಬೇಕಾದರೆ, ವರ್ಷಕ್ಕೆ ಬೀಳುವ ನಷ್ಟವನ್ನು ತುಂಬಿಕೊಡುತ್ತೇವೆಂದು ಯಾರಾದರೂ ಖಾತರಿ ಬರೆದುಕೊಡಬೇಕಿತ್ತು. ಇದು ಆ ಕಾಲದ ಸಾಮಾನ್ಯ ನಿಯಮ. ಉತ್ತರದಲ್ಲಿ ಕೇಳಿದ್ದೂ ಅದನ್ನೇ. ಖಾತರಿಯ ನಮೂನೆ ಕಡತದಲ್ಲೇ ಇತ್ತು. ಸಹಿಯ ಜಾಗ ಖಾಲಿ. ಕಡತ ಅಲ್ಲಿಗೆ ಮುಗಿದಿತ್ತು. ಅರ್ಜಿದಾರರಲ್ಲಿ ಮಾಜಿ ಅಧ್ಯಕ್ಷರ ಮುತ್ತಜ್ಜನ ಹೆಸರೂ ಇತ್ತು. ಅವರು ಆ ಹಾಳೆಯನ್ನು ಬಹಳ ಹೊತ್ತು ನೋಡಿ, "ನಮ್ಮವರು ಯಾವತ್ತೂ ಹೀಗೆಯೇ" ಎಂದು ನಕ್ಕುಬಿಟ್ಟರು.

ಬೆಲ್ಲ ಮತ್ತು ನೀರು

ಹಾಗಾದರೆ ತಂತಿಮನೆ ಎಂಬ ಹೆಸರು ಎಲ್ಲಿಂದ ಬಂತು? ಇದನ್ನು ಮೊದಲ ವಾರವೇ ಕೇಳಬಹುದಿತ್ತು, ಕೇಳಬೇಕಾದವರನ್ನು. ಆ ಮನೆಯ ಸೊಸೆಯಾಗಿ ಬಂದವರು, ತೊಂಬತ್ತರ ಆಸುಪಾಸಿನ ಅಮ್ಮ, ಈಗ ಮಗಳ ಮನೆಯಲ್ಲಿ ಕೆಳಪೇಟೆಯಲ್ಲೇ ಇದ್ದರು. ಸಮಿತಿಯಲ್ಲಿ ಒಬ್ಬ ಹೆಂಗಸೂ ಇಲ್ಲದ್ದರಿಂದ ಅವರ ನೆನಪು ಯಾರಿಗೂ ಬಂದಿರಲಿಲ್ಲ.

"ಅಮ್ಮಾ, ಮನೆಯಲ್ಲಿ ತಂತಿಯ ಯಂತ್ರ ಎಲ್ಲಿತ್ತು?" ಎಂದು ಕೇಳಿದೆ.

"ಯಂತ್ರ ಯಾಕೆ ತಮ್ಮಾ? ತಂತಿ ಎಂದರೆ ಕಾಗದವಲ್ಲವೇ?" ಎಂದರು. "ಸರಿಗೆ ಕಂಡವರು ಯಾರು? ಕಾಗದ ಬರುತ್ತಿತ್ತು, ನಮ್ಮ ಮಾವ ಓದಿ ಹೇಳುತ್ತಿದ್ದರು."

ಕಾಗದ ಇಂಗ್ಲಿಷಿನಲ್ಲಿರುತ್ತಿತ್ತು. ಸುತ್ತಿನ ಆರು ಹಳ್ಳಿಗಳಲ್ಲಿ ಇಂಗ್ಲಿಷ್ ಓದಬಲ್ಲವರು ಅವರ ಮಾವ, ಅಂದರೆ ಶಾಲಾ ಮಾಸ್ತರರ ಮಗ. ತಂದೆಯ ನಂತರ ಶಾಲೆಯೂ ಟಪಾಲೂ ಅವರಿಗೇ ಬಂದಿತ್ತು. ತಂತಿ ಓದಿಸಿಕೊಳ್ಳಲು ಬರುವ ಮನೆಯೇ ತಂತಿಮನೆ.

ಆಮೇಲೆ ಅವರು ಹೇಳಿದ್ದನ್ನು ಅವಸರವಿಲ್ಲದೆ ಬರೆದುಕೊಂಡೆ. ಮಳೆಗಾಲದಲ್ಲಿ ಚೀಲ ಎಷ್ಟೇ ಎಣ್ಣೆಬಟ್ಟೆ ಸುತ್ತಿದ್ದರೂ ನೆನೆದು ಬರುತ್ತಿತ್ತು. ಕಾಗದಗಳನ್ನು ಒಲೆಯ ಮೇಲಿನ ಅಟ್ಟದಲ್ಲಿ, ಅಡಿಕೆ ಒಣಗಿಸುವ ತಟ್ಟಿಯ ಮೇಲೆ ಹರಡುತ್ತಿದ್ದರು. ಎರಡು ದಿನ ಹೊಗೆ ಕುಡಿದ ಮೇಲೆ ಹಂಚಿಕೆ. ಮೇಲೂರಿಗೆ ಬಂದ ಪ್ರೇಮದ ಕಾಗದವೂ ಕೋರ್ಟಿನ ಕಾಗದವೂ ಹಲಸಿನ ಸೌದೆಯ ವಾಸನೆ ಹೊಡೆಯುತ್ತಿದ್ದವಂತೆ. ತಂತಿಯನ್ನು ಮಾತ್ರ ಒಣಗಿಸುತ್ತಿರಲಿಲ್ಲ. ಮಾವ ಅದನ್ನು ಬಿಚ್ಚಿ ಓದಿ, ಮಡಚಿ ಕಿಸೆಯಲ್ಲಿಟ್ಟುಕೊಂಡು, ಆ ಮನೆಯವರಿಗೆ ಹೇಳಿಕಳಿಸುತ್ತಿದ್ದರು. ಅವರು ಬಂದು ಜಗಲಿಯಲ್ಲಿ ಕೂತ ಮೇಲೆ ಒಳಗೆ ಕೂಗುತ್ತಿದ್ದರು: ಬೆಲ್ಲ, ನೀರು ಕೊಡಿ. ಬಂದವರಿಗೆಲ್ಲ ಬೆಲ್ಲ ನೀರು ಕೊಡುವುದು ನಮ್ಮ ಕಡೆಯ ಪದ್ಧತಿಯೇ. ಆದರೆ ಅಲ್ಲಿ, ಬೆಲ್ಲದ ತಟ್ಟೆ ಹಿಡಿದು ಅಮ್ಮ ಹೊಸ್ತಿಲು ದಾಟುತ್ತಿದ್ದ ಹಾಗೆಯೇ ಹೆಂಗಸರು ಅಳಲು ಶುರುಮಾಡುತ್ತಿದ್ದರಂತೆ. "ಒಂದೇ ಒಂದು ಸಲ ಗಂಡು ಹುಟ್ಟಿದ ತಂತಿ ಬಂದಿತ್ತು. ಅವತ್ತೂ ಅತ್ತರು. ಓದಿದ ಮೇಲೂ ನಂಬಲಿಲ್ಲ" ಎಂದರು.

ಅಂಗಳದ ಕಲ್ಲಿನ ಬಗ್ಗೆ ನಾನು ಕೇಳಿರಲಿಲ್ಲ. ಅವರೇ ಎತ್ತಿದರು. ಹರಕಾರ ಈಟಿಯ ಗೆಜ್ಜೆ ಸದ್ದು ಮಾಡುತ್ತ ಬಂದು ಚೀಲವನ್ನು ಆ ಕಲ್ಲಿನ ಮೇಲೆ ಇಟ್ಟು ಹತ್ತು ಹೆಜ್ಜೆ ಹಿಂದೆ ಸರಿಯಬೇಕು. ಮಾವ ಅದಕ್ಕೆ ತಂಬಿಗೆಯಿಂದ ನೀರು ಚಿಮುಕಿಸಿ ಎತ್ತಿಕೊಳ್ಳುತ್ತಿದ್ದರು. ಹರಕಾರನಿಗೂ ನೀರು ಕೊಡುತ್ತಿದ್ದರು, ಮೇಲಿನಿಂದ, ಬೊಗಸೆಗೆ. "ಹುಲಿ ಓಡಾಡುವ ಕಾಡಿನಲ್ಲಿ ಬಂದವ. ಜಗಲಿ ಹತ್ತುವ ಹಾಗಿರಲಿಲ್ಲ" ಎಂದು ಹೇಳಿ ಸ್ವಲ್ಪ ಹೊತ್ತು ಸುಮ್ಮನಾದರು. ಆಮೇಲೆ ಮಗಳನ್ನು ಕರೆದು, "ಇದನ್ನೂ ಬರೆದುಕೊಂಡರೇ ನೋಡು" ಎಂದರು.

ಜಗಲಿಗೋ ಕಲ್ಲಿಗೋ

ಗುತ್ತಿಗೆಗೆ ಹದಿನೆಂಟು ದಿನ ಉಳಿದಿದ್ದಾಗ ಸಮಿತಿಯ ಸಭೆ ನಡೆಯಿತು. ನನ್ನ ಟಿಪ್ಪಣಿ ಆರು ಪುಟ: ಇಲ್ಲಿ ತಂತಿ ಕಚೇರಿ ಇರಲಿಲ್ಲ, ಜಿಲ್ಲಾ ಟಪಾಲಿನ ಕೊನೆಯ ನಿಲುಗಡೆಯಾಗಿತ್ತು, ಕಟ್ಟಡ ಸರ್ಕಾರದ್ದಲ್ಲ, ಮಾಸ್ತರನ ಸ್ವಂತ ಮನೆ, 1906ರ ನಂತರ ಶಾಖಾ ಅಂಚೆ.

ಹೋಮ್‌ಸ್ಟೇಯವರು ಮುಖ ಸಪ್ಪೆ ಮಾಡಿದರು. "ಚೀಲ ಹೊತ್ತವರ ಮನೆ ಎಂದರೆ ನೋಡಲು ಯಾರು ಬರುತ್ತಾರೆ ಸಾರ್? 1857 ಎಂದು ಬರೆದರೆ ಯಾರಿಗೆ ನಷ್ಟ?" ಹುಡುಗರಲ್ಲಿ ಒಬ್ಬ ನಡುದಾರಿ ಹುಡುಕಿದ: ಇಸವಿ ಬಿಟ್ಟು 'ಬ್ರಿಟಿಷರ ಕಾಲದ ತಂತಿ ಕಚೇರಿ' ಎಂದಷ್ಟೇ ಹಾಕೋಣ. ಮಾಸ್ತರರು ಒಪ್ಪಲಿಲ್ಲ. ಸಹಿಯಿಲ್ಲದ ಖಾತರಿಯ ಕಾಗದ ತಾಲ್ಲೂಕು ಕಚೇರಿಯಲ್ಲಿ ಇರುವಾಗ, ನಾಳೆ ಯಾರಾದರೂ ಅದನ್ನು ತೆಗೆದು ತೋರಿಸಿದರೆ ಊರಿನ ಬಾಕಿ ಮಾತನ್ನೂ ಯಾರೂ ನಂಬುವುದಿಲ್ಲ ಎಂದರು.

ಸಭೆಯ ಹಿಂದಿನ ಸಾಲಿನಲ್ಲಿ ಒಬ್ಬ ಯುವಕ ನಿಂತಿದ್ದ. ಕೆಳಪೇಟೆಯಲ್ಲಿ ಸರಕಿನ ಗಾಡಿ ಓಡಿಸುವವನು. ಕೊನೆಯ ಹರಕಾರನ ಮೊಮ್ಮಗ. ಅಮ್ಮನ ಮಾತು ಕೇಳಿದ ಮೇಲೆ ನಾನೇ ಬರಹೇಳಿದ್ದೆ. ಅವನು ಕುಳಿತುಕೊಳ್ಳದೆ ಕೇಳಿದ: "ನಮ್ಮಜ್ಜ ಆ ಜಗಲಿ ಹತ್ತಿದವರಲ್ಲ. ನೀವು ಉಳಿಸುತ್ತಿರುವುದು ಜಗಲಿಯನ್ನೋ, ಕಲ್ಲನ್ನೋ?"

ಈ ಪ್ರಕರಣದ ತಿರುವು ಯಾವುದೆಂದು ಕೇಳಿದರೆ ನಾನು ಕಿರ್ದಿಯನ್ನು ಹೇಳುವುದಿಲ್ಲ, ಈ ಪ್ರಶ್ನೆಯನ್ನು ಹೇಳುತ್ತೇನೆ. ಅಲ್ಲಿಯವರೆಗೆ ನಾವೆಲ್ಲ ಗೋಡೆಯ ವಯಸ್ಸನ್ನು ಹುಡುಕುತ್ತಿದ್ದೆವು. ಕಿಂಡಿ, ಕಿಟಕಿ, ಬಟ್ಟಲು, ಮುದ್ರೆ. ಎಲ್ಲ ಕಚೇರಿಯ ಸಾಮಾನು. ಮೂಲೆಯ ಊರಿನಲ್ಲಿ ಕಚೇರಿ ಎಂಬುದು ಒಂದು ಮನೆಯ ಮೂಲೆ. ಆ ವ್ಯವಸ್ಥೆಯ ಬಹುಭಾಗ ಇದ್ದದ್ದು 14 ಮೈಲಿ ಕಾಲುದಾರಿಯಲ್ಲಿ. ಅದರಲ್ಲಿ ಗುರುತು ಉಳಿಸಿಕೊಂಡದ್ದು ಎರಡೇ: ನಡುದಾರಿಯ ಕಟ್ಟೆಯ ಕೆಲವು ಕಲ್ಲು, ಅಂಗಳದ ಈ ಚಪ್ಪಡಿ.

ಬೇರೆ ಊರುಗಳಲ್ಲಿ ಇಂಥ ಕೆಲಸಕ್ಕೆ ಇಳಿಯುವವರು ನನ್ನ ತಪ್ಪನ್ನು ಮತ್ತೆ ಮಾಡುವುದು ಬೇಡ. ಊರು ಯಾವ ವರ್ಷ ಯಾವ ಪ್ರಾಂತ್ಯದಲ್ಲಿತ್ತು ಎಂಬುದನ್ನು ಮೊದಲು ಖಚಿತ ಮಾಡಿಕೊಳ್ಳಿ. ಕಾಗದ ಮದ್ರಾಸಿನದೋ ಬೊಂಬಾಯಿಯದೋ ಮೈಸೂರಿನದೋ ಎಂಬುದು ಅದರ ಮೇಲೆ ನಿಂತಿದೆ. 1906ಕ್ಕೆ ಹಿಂದಿನದಾದರೆ ಅಂಚೆ ಇಲಾಖೆಯ ಬಾಗಿಲಿಗಿಂತ ಮೊದಲು ಕಂದಾಯದ ಬಾಗಿಲು ತಟ್ಟಿ. ಮನೆಗಳ ಜಮಾಖರ್ಚಿನ ಪುಸ್ತಕಗಳಲ್ಲಿ ಅಂಚೆಚೀಟಿಗಿಂತ ಕೂಲಿಯ ಸಾಲನ್ನು ಹುಡುಕಿ. ಹೆಂಗಸರನ್ನು ಕೊನೆಗೆ ಕೇಳಬೇಡಿ. ನಾವು ಎಂಟು ತಿಂಗಳಲ್ಲಿ ಕಂಡುಕೊಂಡದ್ದರ ಅರ್ಧ ಭಾಗ ಆ ಅಮ್ಮನಿಗೆ ಗೊತ್ತಿತ್ತು, ಬಸ್ಸಿನಲ್ಲಿ ಒಂದು ಗಂಟೆಯ ದೂರದಲ್ಲಿ.

ಆದದ್ದು ಇಷ್ಟು

ಅರ್ಜಿ ಸಮಯಕ್ಕೆ ಹೋಯಿತು, ನಿಜವನ್ನೇ ಬರೆದುಕೊಂಡು. ಕಟ್ಟಡ ಸಂರಕ್ಷಣೆಯ ಪಟ್ಟಿಗೆ ಬರುವಂಥದ್ದಲ್ಲ ಎಂಬ ಉತ್ತರ ಬಂತು. 1857 ಎಂದು ಬರೆದಿದ್ದರೆ ಬೇರೆ ಉತ್ತರ ಬರುತ್ತಿತ್ತೆಂದು ಹೋಮ್‌ಸ್ಟೇಯವರು ಇಂದಿಗೂ ನಂಬಿದ್ದಾರೆ. ಬರುತ್ತಿರಲಿಲ್ಲ ಎಂದು ಸಾಧಿಸಲು ನನ್ನ ಬಳಿ ಏನೂ ಇಲ್ಲ. ನಾನು ಕಳೆದ ಐದು ತಿಂಗಳು ಮೊದಲೇ ಸಿಕ್ಕಿದ್ದರೆ ಎಂಜಿನಿಯರ್ ಗೆರೆ ಸರಿಸುವ ಪ್ರಸ್ತಾಪವನ್ನಾದರೂ ಮೇಲೆ ಕಳಿಸಬಹುದಿತ್ತು. ಅವರು ಆಗ ವರ್ಗವಾಗಿ ಹೋಗಿದ್ದರು. ಜಗಲಿಯೂ ಕಿಂಡಿಯ ಕಿಟಕಿಯೂ ರಸ್ತೆಗೆ ಹೋದವು. ಹಿಂಬದಿಯ ಎರಡು ಕೋಣೆ, ಹೊಗೆ ಹಿಡಿದ ಅಟ್ಟ ಉಳಿದಿವೆ.

ಕಲ್ಲನ್ನು ಗುತ್ತಿಗೆದಾರ ಒಡೆದು ಮೋರಿಗೆ ಹಾಕಿಸಲು ಹೊರಟಿದ್ದ. ಹರಕಾರನ ಮೊಮ್ಮಗ ತನ್ನ ಗಾಡಿ ತಂದು ನಿಲ್ಲಿಸಿದ. ಎಂಟು ಜನ ಸೇರಿ ಹಾರೆ ಹಾಕಿ ಎತ್ತಿದರು. ಈಗ ಅದು ಬಸ್ ತಂಗುದಾಣದ ಪಕ್ಕದಲ್ಲಿದೆ. ಫಲಕದ ಒಕ್ಕಣೆಯನ್ನು ಮಾಸ್ತರರು ನಾಲ್ಕು ಸಲ ತಿದ್ದಿ ಬರೆದರು. ಕೊನೆಯ ಹರಕಾರನ ಹೆಸರು ಅದರಲ್ಲಿದೆ. ಅದರ ಮೇಲೆ ಒಂದು ಸಾಲಿನಷ್ಟು ಜಾಗ ಬಿಟ್ಟಿದ್ದಾರೆ, ವಿಳಂಬಿ ಸಂವತ್ಸರದಲ್ಲಿ ಆ ತಂತಿ ತಂದವನಿಗೆ. ಕಂದಾಯದ ಪಟ್ಟಿಯಲ್ಲಿ 'ಹರಕಾರರು 2' ಎಂದಷ್ಟೇ ಇದೆ, ಕಿರ್ದಿಯಲ್ಲಿ 'ಹರಕಾರ' ಎಂದಷ್ಟೇ. ಮೊಮ್ಮಗನ ಮನೆಯಲ್ಲೂ ಅಜ್ಜನ ಅಪ್ಪನವರೆಗೆ ನೆನಪಿದೆ, ಅದರಾಚೆಗೆ ಇಲ್ಲ.

ಮಾಸ್ತರರು ಕಿರ್ದಿ ಓದುವುದನ್ನು ಬಿಟ್ಟಿಲ್ಲ. ಮೊನ್ನೆ ಫೋನ್ ಮಾಡಿದ್ದರು. ಕ್ರೋಧಿ ಸಂವತ್ಸರದವರೆಗೆ ಮುಗಿದಿದೆ, ಮುಂದಿನ ಎರಡು ಪುಸ್ತಕಕ್ಕೆ ಗೆದ್ದಲು ಹತ್ತಿದೆ, ಹಾಳೆ ಬಿಡಿಸುವುದಕ್ಕೆ ಏನು ಮಾಡಬೇಕೆಂದು ಕೇಳಿದರು.